ಹಳಿ ತಪ್ಪದ ಅಳತೆ

ಬ್ರಿಟನ್ನಿನ ಅಂಗಡಿಗಳಲ್ಲಿ ಮಾರುವ ಆಟದ ರೈಲುಗಳು ಸುಮಾರು ನೂರು ವರ್ಷಗಳಿಂದ ಒಂದು ತಪ್ಪು ಅಳತೆಯ ಮೇಲೆ ಓಡುತ್ತಿವೆ. ಎಂಜಿನ್, ಬೋಗಿ, ವ್ಯಾಗನ್ ಎಲ್ಲವನ್ನೂ ಅಡಿಗೆ ನಾಲ್ಕು ಮಿಲಿಮೀಟರ್ ಲೆಕ್ಕದಲ್ಲಿ, ಅಂದರೆ ನಿಜದ 76ರಲ್ಲೊಂದು ಪಾಲಿಗೆ ಇಳಿಸಿ ಮಾಡುತ್ತಾರೆ. ಆ ಲೆಕ್ಕ ಹಿಡಿದರೆ 1,435 ಮಿಲಿಮೀಟರಿನ ಸ್ಟ್ಯಾಂಡರ್ಡ್ ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ, ಮೇಜಿನ ಮೇಲೆ 18.83 ಮಿಲಿಮೀಟರ್ ಆಗಬೇಕಿತ್ತು. ಇರುವುದು 16.5. ಯುರೋಪಿನ ಉಳಿದ ದೇಶಗಳಲ್ಲಿ ಅಡಿಗೆ ಮೂರೂವರೆ ಮಿಲಿಮೀಟರ್ ಲೆಕ್ಕ ನಡೆಯುವುದರಿಂದ ಅಲ್ಲಿ 16.5 ಸರಿಯಾದ ಅಳತೆಯೇ. ಬ್ರಿಟನ್ನಿನ ಎಂಜಿನ್ನುಗಳು ಮೈಯಲ್ಲಿ ಚಿಕ್ಕವು. ಅದೇ ಲೆಕ್ಕಕ್ಕೆ ಇಳಿಸಿದರೆ ಆ ಕಾಲದ ಮೋಟಾರು ಒಳಗೆ ಹಿಡಿಸುತ್ತಿರಲಿಲ್ಲ. ಹಾಗಾಗಿ ತಯಾರಕರು ಎಂಜಿನ್ನಿನ ಮೈಯನ್ನು ಹಿಗ್ಗಿಸಿ ಹಳಿಯನ್ನು ಇದ್ದಲ್ಲೇ ಬಿಟ್ಟರು. ಕೊರತೆ 2.33 ಮಿಲಿಮೀಟರ್, ನಿಜದ ಹಳಿಗೆ ಹಿಗ್ಗಿಸಿ ನೋಡಿದರೆ ಏಳು ಅಂಗುಲ. 1966ರಲ್ಲಿ ಕೆಲವು ಹವ್ಯಾಸಿಗಳು ಈ ರಾಜಿಯನ್ನು ಒಪ್ಪುವುದಿಲ್ಲವೆಂದು ಹಟ ಹಿಡಿದು, ಚಕ್ರದ ಅಂಚಿನಿಂದ ಹಿಡಿದು ಹಳಿಯ ಸಂದಿನವರೆಗೆ ಎಲ್ಲವನ್ನೂ ನಿಜದ ಅಳತೆಯಿಂದಲೇ ಇಳಿಸಿದ ಹೊಸ ನಿಯಮಾವಳಿಯನ್ನು ಪ್ರಕಟಿಸಿದರು. ಪ್ರೋಟೋಫೋರ್ ಎಂದು ಶುರುವಾದ ಅದು ಈಗ ಪಿ4 ಎಂದೇ ರೂಢಿಯಲ್ಲಿದೆ. ಇದನ್ನು ಆರಿಸಿಕೊಂಡವರು ಅಂಗಡಿಯ ಹಳಿಯನ್ನು ತಂದು ಜೋಡಿಸುವಂತಿಲ್ಲ. ಹಳಿಯನ್ನು ತಾವೇ ಕಟ್ಟಬೇಕು, ಎಂಜಿನ್ನಿನ ಚಕ್ರಗಳನ್ನು ಬಿಚ್ಚಿ ಬೇರೆ ಹಾಕಬೇಕು, ಒಂದು ಸಣ್ಣ ಸ್ಟೇಷನ್ನಿಗೆ ವರ್ಷಗಟ್ಟಲೆ ಕೂರಬೇಕು. ಎರಡು ಚಿಲ್ಲರೆ ಮಿಲಿಮೀಟರಿಗಾಗಿ ಇಷ್ಟೊಂದು ಪಾಡು ಯಾಕೆ ಎಂಬ ಪ್ರಶ್ನೆ ಸಹಜ. ಇದು ಅಂದಕ್ಕಾಗಿ ಪಡುವ ಪಾಡಲ್ಲ ಎಂಬುದು ನನ್ನ ವಾದ. ಇಲ್ಲವಾದ ರೈಲುದಾರಿಯೊಂದನ್ನು, ಅದರಲ್ಲೂ ಸ್ಕಾಟ್ಲೆಂಡಿನ ಹಳೆಯ ದಾರಿಗಳನ್ನು, ಕಾಗದಪತ್ರ ಕೇಳದ ಪ್ರಶ್ನೆಗಳನ್ನು ಕೇಳಿ ಅರಿಯುವ ವಿಧಾನ ಇದು. ಅಳತೆ ಸಡಿಲವಾದರೆ ಆ ಪ್ರಶ್ನೆಗಳೇ ಹುಟ್ಟುವುದಿಲ್ಲ.

ಸ್ಕಾಟ್ಲೆಂಡ್ ಇದಕ್ಕೆ ತಕ್ಕ ನೆಲ. 1923ಕ್ಕೆ ಮುಂಚೆ ಅಲ್ಲಿ ಐದು ಮುಖ್ಯ ಕಂಪನಿಗಳಿದ್ದವು: ಕ್ಯಾಲೆಡೋನಿಯನ್, ನಾರ್ತ್ ಬ್ರಿಟಿಷ್, ಗ್ಲಾಸ್ಗೋ ಅಂಡ್ ಸೌತ್ ವೆಸ್ಟರ್ನ್, ಹೈಲ್ಯಾಂಡ್, ಗ್ರೇಟ್ ನಾರ್ತ್ ಆಫ್ ಸ್ಕಾಟ್ಲೆಂಡ್. ಒಂದೊಂದಕ್ಕೂ ತನ್ನದೇ ಎಂಜಿನ್ ಕಾರ್ಖಾನೆ, ತನ್ನದೇ ಬಣ್ಣ, ತನ್ನದೇ ರೂಢಿ. 1921ರ ಕಾಯ್ದೆಯ ಪ್ರಕಾರ ಇವೆಲ್ಲ ಎರಡು ದೊಡ್ಡ ಕಂಪನಿಗಳಲ್ಲಿ ಕರಗಿದವು, 1948ರಲ್ಲಿ ಸರ್ಕಾರದ ವಶವಾದವು, ನಷ್ಟದ ದಾರಿಗಳನ್ನು ಮುಚ್ಚಲು ಹೇಳಿದ 1963ರ ಬೀಚಿಂಗ್ ವರದಿಯ ಸುತ್ತಮುತ್ತಲ ವರ್ಷಗಳಲ್ಲಿ ಬಹಳಷ್ಟು ದಾರಿಗಳು ಮುಚ್ಚಿಹೋದವು. ಡಮ್ಫ್ರೀಸ್‌ನಿಂದ ಸ್ಟ್ರಾನ್ರಾರ್‌ಗೆ ಹೋಗುತ್ತಿದ್ದ ದಾರಿ 1965ರಲ್ಲಿ ಹೋಯಿತು. ಅದೇ ವರ್ಷ ಗ್ಲೆನ್ ಓಗಲ್ ಕಣಿವೆಯಲ್ಲಿ ಗುಡ್ಡ ಕುಸಿದು ಓಬನ್ ದಾರಿಯ ಪೂರ್ವಭಾಗ ನಿಂತಿತು. ಮರುವರ್ಷ ಬ್ಯಾಲಕೂಲಿಶ್ ಕವಲು ಮುಚ್ಚಿತು. ಎಡಿನ್‌ಬರದಿಂದ ಹಾವಿಕ್ ಮೇಲೆ ಕಾರ್ಲೈಲ್ ಮುಟ್ಟುತ್ತಿದ್ದ ವೇವರ್ಲಿ ದಾರಿ 1969ರ ಜನವರಿಯಲ್ಲಿ ಕೊನೆಯ ರೈಲು ಕಂಡಿತು. 2015ರಲ್ಲಿ ಅದರ ಉತ್ತರದ ತುಂಡು ಟ್ವೀಡ್‌ಬ್ಯಾಂಕ್‌ವರೆಗೆ ಮತ್ತೆ ತೆರೆದದ್ದನ್ನು ಸಮಾಧಾನವೆನ್ನಬಹುದು. ದಾರಿ ಹೋದ ಮೇಲೆ ಉಳಿಯುವುದು ಕಡತ, ಫೋಟೊ, ನಕ್ಷೆ, ಮ್ಯೂಸಿಯಮ್ಮಿನ ನಾಲ್ಕಾರು ಎಂಜಿನ್. ಅಷ್ಟಿದ್ದರೆ ಸಾಲದೇ ಎನ್ನುವವರು ಗ್ಲಾಸ್ಗೋದ ರಿವರ್‌ಸೈಡ್ ಮ್ಯೂಸಿಯಮ್ಮಿನಲ್ಲಿರುವ ಹೈಲ್ಯಾಂಡ್ ಕಂಪನಿಯ 103ನೆಯ ನಂಬರಿನ ಎಂಜಿನ್ನನ್ನು ನೋಡಬೇಕು. ಡೇವಿಡ್ ಜೋನ್ಸ್ ರೂಪಿಸಿ 1894ರಲ್ಲಿ ಗ್ಲಾಸ್ಗೋದ ಶಾರ್ಪ್ ಸ್ಟೂವರ್ಟ್ ಕಾರ್ಖಾನೆ ಕಟ್ಟಿದ ಹದಿನೈದು ಎಂಜಿನ್ನುಗಳಲ್ಲಿ ಇದು ಮೊದಲನೆಯದು. ಮುಂದೆ ನಾಲ್ಕು ಸಣ್ಣ ಚಕ್ರ, ನಡುವೆ ಆರು ದೊಡ್ಡ ಚಕ್ರವಿರುವ ಏರ್ಪಾಡು ಬ್ರಿಟನ್ನಿಗೆ ಬಂದದ್ದೇ ಇದರೊಂದಿಗೆ. 1959ರಲ್ಲಿ ಮತ್ತೆ ಓಡಿಸಲು ಸಜ್ಜು ಮಾಡುವಾಗ ಅದಕ್ಕೆ ಹಳದಿ ಬಳಿದರು. ಆ ಹಳದಿ 1860ರ ದಶಕದಲ್ಲಿ ಇನ್ವರ್ನೆಸ್‌ನಲ್ಲಿ ಕಂಪನಿಯ ಎಂಜಿನ್ ವಿಭಾಗದ ಮುಖ್ಯಸ್ಥನಾಗಿದ್ದ ಸ್ಟ್ರೌಡ್ಲಿಯ ಕಾಲದ್ದು. ಈ ಎಂಜಿನ್ ದುಡಿಯುತ್ತಿದ್ದಾಗ ಆ ಬಣ್ಣದಲ್ಲಿ ಇರಲೇ ಇಲ್ಲವೆಂದು ಹೈಲ್ಯಾಂಡ್ ಇತಿಹಾಸವನ್ನು ಅರೆದು ಕುಡಿದವರು ಹೇಳುತ್ತಾರೆ. ಅಸಲಿ ಲೋಹ, ಅಸಲಿ ತೂಕ, ಬಣ್ಣ ಮಾತ್ರ ಬೇರೆ ಕಾಲದ್ದು. ಮ್ಯೂಸಿಯಮ್ಮಿನ ವಸ್ತುವೂ ಒಬ್ಬರ ತೀರ್ಮಾನವೇ ಎಂಬುದು ಇದರಿಂದ ತಿಳಿಯುತ್ತದೆ.

ಮಾದರಿ ಕಟ್ಟುವವರಿಗೆ ತೀರ್ಮಾನ ತಪ್ಪಿದ್ದಲ್ಲ. ಪುಸ್ತಕ ಬರೆಯುವ ಇತಿಹಾಸಕಾರ ತನಗೆ ಗೊತ್ತಿಲ್ಲದ್ದನ್ನು ಬಿಟ್ಟು ಮುಂದಿನ ವಾಕ್ಯಕ್ಕೆ ಹೋಗಬಹುದು, ಓದುಗನಿಗೆ ಅದು ತಿಳಿಯುವುದೂ ಇಲ್ಲ. ಮಾದರಿಯಲ್ಲಿ ಸ್ಟೇಷನ್ನಿನ ಹಿಂಗೋಡೆ ಇರಲೇಬೇಕು, ಅದಕ್ಕೊಂದು ಬಣ್ಣ ಇರಲೇಬೇಕು, ಯಾವ ಫೋಟೊಗ್ರಾಫರನೂ ಅತ್ತ ತಿರುಗಿ ನೋಡಿರದಿದ್ದರೂ ಸರಿಯೇ. ಹಳಿಯ ಅಡಿಗೆ ಅಡ್ಡಲಾಗಿ ಹಾಕುವ ಮರದ ಸ್ಲೀಪರನ್ನೇ ನೋಡಿ. ಮೊದಲ ಮಹಾಯುದ್ಧದ ಆಸುಪಾಸಿನವರೆಗೆ ಅದರ ಉದ್ದ ಸುಮಾರು ಒಂಬತ್ತು ಅಡಿ, ಮಾದರಿಯಲ್ಲಿ 36 ಮಿಲಿಮೀಟರ್; ಆಮೇಲೆ ಎಂಟೂವರೆ ಅಡಿ, ಅಂದರೆ 34 ಮಿಲಿಮೀಟರ್. ಯಾವ ವರ್ಷದ ದಾರಿಯನ್ನು ಕಟ್ಟುತ್ತಿದ್ದೇವೆ ಎಂಬುದು ಮೊದಲ ಸ್ಲೀಪರ್ ಕತ್ತರಿಸುವ ಮುಂಚೆಯೇ ಇತ್ಯರ್ಥವಾಗಬೇಕು. ಇನ್ನು ದಾರಿ ಕವಲೊಡೆಯುವ ಜಾಗ, ಅಂದರೆ ಪಾಯಿಂಟ್. ಸಾಮಾನ್ಯವಾಗಿ ಅಲ್ಲಿ ನಾಲ್ಕೂ ಹಳಿಗಳನ್ನು ಹೊರುವಷ್ಟು ಉದ್ದನೆಯ ಮರದ ದಿಮ್ಮಿಗಳನ್ನು ಹಾಕುತ್ತಾರೆ. ಸ್ಕಾಟ್ಲೆಂಡಿನ ಹಲವು ದಾರಿಗಳಲ್ಲಿ ಹಾಗಲ್ಲ. ಎರಡೂ ದಾರಿಗೆ ಅವುಗಳದೇ ಮಾಮೂಲಿ ಸ್ಲೀಪರುಗಳು, ಒಂದರ ಸಂದಿಯಲ್ಲಿ ಇನ್ನೊಂದು, ಎರಡು ಕೈಯ ಬೆರಳು ಹೆಣೆದ ಹಾಗೆ. ಉದ್ದನೆಯ ದಿಮ್ಮಿಯ ಖರ್ಚು ಉಳಿಯಿತು ಎಂದು ಬರೆದು ಮುಂದೆ ಹೋದರೆ ಪುಸ್ತಕಕ್ಕೆ ಸಾಕು. ಮಾದರಿಯಲ್ಲಿ ಇದನ್ನೇ ಒಂದೊಂದಾಗಿ ಹೆಣೆಯುತ್ತಾ ಹೋದಾಗ ಬೇರೊಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಹತ್ತಂಗುಲ ಅಗಲದ ಎರಡು ಸ್ಲೀಪರುಗಳ ನಡುವೆ ಉಳಿಯುವ ಸಂದು ಸುಮಾರು ಐದಂಗುಲ, ಮಾದರಿಯಲ್ಲಿ ಎರಡು ಮಿಲಿಮೀಟರ್ ಕೂಡ ಇಲ್ಲ. ಅಷ್ಟರಲ್ಲೇ ಗ್ಯಾಂಗ್‌ಮನ್ ತನ್ನ ಪಿಕಾಸಿ ತೂರಿಸಿ ಸ್ಲೀಪರಿನ ಅಡಿಗೆ ಜಲ್ಲಿ ಗಿಡಿಯಬೇಕಿತ್ತು. ಎರಡು ದಾರಿಗಳ ಸ್ಲೀಪರು ಬೇರೆ ಬೇರೆಯಾದ್ದರಿಂದ ಒಂದು ಕುಸಿದು ಇನ್ನೊಂದು ನಿಂತುಬಿಡುವ ಅಪಾಯವೂ ಇತ್ತು. ಕಂಪನಿ ಮರದಲ್ಲಿ ಉಳಿಸಿದ ಹಣವನ್ನು ಗ್ಯಾಂಗ್‌ಮನ್ನಿನ ಬೆನ್ನು ತೆತ್ತಿತು. ಇದನ್ನು ಯಾವ ಲೆಕ್ಕಪತ್ರವೂ ಈ ಮಾತಿನಲ್ಲಿ ಹೇಳುವುದಿಲ್ಲ. ಸ್ಲೀಪರ್ ಹೆಣೆದವರಿಗೆ ಅದು ಹೊಳೆಯುತ್ತದೆ.

ಇರುವ ಸಾಕ್ಷ್ಯವನ್ನೂ ಸುಮ್ಮನೆ ನಂಬುವಂತಿಲ್ಲ. ಆ ಕಾಲದ ಕಪ್ಪುಬಿಳುಪು ಫೋಟೊದ ಗಾಜಿನ ಫಲಕಗಳಿಗೆ ಕೆಂಪು ಬಣ್ಣ ಬಹುಪಾಲು ಕಾಣುತ್ತಲೇ ಇರಲಿಲ್ಲ. ಕೆಂಪು ಎಲ್ಲ ಕಪ್ಪಾಗಿ, ನೀಲಿ ಎಲ್ಲ ಪೇಲವವಾಗಿ ಬೀಳುತ್ತಿತ್ತು. ಕ್ಯಾಲೆಡೋನಿಯನ್ ಕಂಪನಿಯ ಎಂಜಿನ್ನುಗಳು ನೀಲಿ. ಬೋಗಿಗಳ ಮೇಲರ್ಧ ಬಿಳಿ, ಕೆಳಗರ್ಧ ನೇರಳೆ ಬೆರೆತ ಕಂದುಗೆಂಪು. ಫೋಟೊ ನೋಡಿ ಬಣ್ಣದ ಗಾಢತೆ ಊಹಿಸಿದವರು ಎರಡರಲ್ಲೂ ಮೋಸ ಹೋಗುತ್ತಾರೆ. ಆ ನೀಲಿಯಾದರೂ ಒಂದೇ ಆಗಿತ್ತೇ ಎಂದರೆ ಅದೂ ಇಲ್ಲ. ಪರ್ತ್‌ನಲ್ಲಿ ಬಳಿದದ್ದು ಗ್ಲಾಸ್ಗೋದ್ದಕ್ಕಿಂತ ತಿಳಿಯಾಗಿತ್ತೆಂಬ ಮಾತು ಹಿಂದಿನಿಂದ ಬಂದಿದೆ. ನಕ್ಷೆಯ ಕಥೆಯೂ ಇಂಥದ್ದೇ. ಆರ್ಡ್‌ನೆನ್ಸ್ ಸರ್ವೆಯ ಹಳೆಯ 1:2500 ನಕ್ಷೆಗಳಲ್ಲಿ ವ್ಯಾಗನ್ ನಿಲ್ಲಿಸುವ ಪಕ್ಕದ ಹಳಿ, ಅಂದರೆ ಸೈಡಿಂಗ್, ಒಂದೊಂದೂ ಗೆರೆಯಾಗಿ ಬಿದ್ದಿದೆ, ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಅವನ್ನು ಯಾರು ಬೇಕಾದರೂ ನೋಡುವಂತೆ ಇಂಟರ್ನೆಟ್ಟಿನಲ್ಲಿ ಇಟ್ಟಿದೆ. ದೊಡ್ಡ ಉಪಕಾರ. ಆದರೆ ಆ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ ಎರಡೂವರೆ ಮೀಟರ್, ಮಾದರಿಯಲ್ಲಿ 33 ಮಿಲಿಮೀಟರ್. ಪೆನ್ಸಿಲ್ ಗೆರೆಯ ದಪ್ಪದಲ್ಲೇ ಮಾದರಿಯ ಪಾಯಿಂಟ್ ಒಂದು ಅತ್ತಿತ್ತ ಸರಿದುಬಿಡುತ್ತದೆ. ಆಗ ನಕ್ಷೆಯನ್ನು ಕಂಪನಿಯ ಎಂಜಿನಿಯರಿಂಗ್ ಚಿತ್ರದೊಂದಿಗೆ, ಚಿತ್ರವನ್ನು ಫೋಟೊದೊಂದಿಗೆ, ಫೋಟೊವನ್ನು ಈಗಲೂ ಉಳಿದಿರುವ ಪ್ಲಾಟ್‌ಫಾರ್ಮಿನ ಕಲ್ಲಿನೊಂದಿಗೆ ತಾಳೆ ನೋಡಬೇಕಾಗುತ್ತದೆ. ಎಡಿನ್‌ಬರದ ರಾಷ್ಟ್ರೀಯ ದಾಖಲೆ ಸಂಗ್ರಹದಲ್ಲಿ ಹಳೆಯ ರೈಲ್ವೆ ಕಂಪನಿಗಳ ಚಿತ್ರಗಳನ್ನು ತೆರೆಸಿ ನೋಡುವವರಲ್ಲಿ ಹವ್ಯಾಸಿಗಳು ಇರುವುದಕ್ಕೆ ಕಾರಣ ಇದು.

ಇಷ್ಟಕ್ಕೆ 18.83 ಯಾಕೆ, 16.5ರ ಹಳಿಯ ಮೇಲೂ ಇದೇ ಶೋಧನೆ ಮಾಡಬಹುದಲ್ಲ ಎಂದು ಕೇಳಬಹುದು. ಒಂದಿಷ್ಟು ಮಾಡಬಹುದು, ನಿಜ. ಆ ಅಳತೆಯಲ್ಲಿ ಶ್ರದ್ಧೆಯಿಂದ ಕೆಲಸ ಮಾಡಿದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಚಕ್ರ ಮತ್ತು ಹಳಿ ಕೂಡುವ ಜಾಗಕ್ಕೆ ಬಂದಾಗ ವ್ಯತ್ಯಾಸ ಬೇರೆ ತರದ್ದು. ನಿಜದ ಚಕ್ರದ ಅಂಚು ಹಳಿಯ ಒಳಮಗ್ಗುಲಿಗೆ ಇಳಿದಿರುವುದು ಸುಮಾರು 28 ಮಿಲಿಮೀಟರ್. ಪಿ4 ಚಕ್ರದಲ್ಲಿ ಅದು 0.37 ಮಿಲಿಮೀಟರ್, ನಾಲ್ಕು ಹಾಳೆ ಕಾಗದದ ದಪ್ಪಕ್ಕೂ ಕಡಿಮೆ. ಹಳಿ ಅಷ್ಟು ಏರುಪೇರಾದರೂ ಚಕ್ರ ಮೇಲೆದ್ದು ರೈಲು ಕೆಳಗೆ ಬೀಳುತ್ತದೆ. ಆದ್ದರಿಂದ ನಾಲ್ಕು ಚಕ್ರದ ಬಡ ವ್ಯಾಗನ್ನಿಗೂ ಒಂದು ಅಚ್ಚು ತೂಗುವಂತಿರಬೇಕು, ಇಲ್ಲವೇ ಗಿಟಾರಿನ ತಂತಿಯಂಥ ಸಣ್ಣ ಉಕ್ಕಿನ ತಂತಿಯ ಸ್ಪ್ರಿಂಗು ಬೇಕು. ನಿಜದ ವ್ಯಾಗನ್ನಿಗೆ ಪಟ್ಟಿ ಸ್ಪ್ರಿಂಗು ಯಾಕಿತ್ತೋ ಅದೇ ಕಾರಣಕ್ಕೆ. ಪಾಯಿಂಟಿನ ನಡುವೆ ಒಂದು ಹಳಿ ಇನ್ನೊಂದನ್ನು ದಾಟುವಲ್ಲಿ ಚಕ್ರದ ಅಂಚು ಹಾದುಹೋಗಲು ಸಂದು ಬಿಡಬೇಕು. ಆಟಿಕೆ ರೂಢಿಯಲ್ಲಿ ಈ ಸಂದು 1.25 ಮಿಲಿಮೀಟರ್, ಪಿ4 ನಿಯಮದಲ್ಲಿ 0.68. ಅಗಲ ಸಂದಿನಲ್ಲಿ ಚಕ್ರ ಒಂದು ಕ್ಷಣ ಗುಂಡಿಗೆ ಬಿದ್ದು ಏಳುತ್ತದೆ, ಇಡೀ ಎಂಜಿನ್ ಕುಲುಕುತ್ತದೆ. ಕಿರಿದಾದ ಸಂದಿನಲ್ಲಿ ಚಕ್ರದ ಅಗಲ ಸಂದನ್ನು ಸೇತುವೆಯಂತೆ ದಾಟಿಸುತ್ತದೆ. ಆದರೆ ಎದುರು ಬದಿಯಲ್ಲಿ ಕಾವಲು ಹಳಿ ಅದನ್ನು ಹಿಡಿದೆಳೆಯದಿದ್ದರೆ ಅಂಚು ಮೊನೆಗೆ ಬಡಿದು ದಾರಿ ತಪ್ಪುತ್ತದೆ. ಆ ಕಾವಲು ಹಳಿಯನ್ನು ಕೂದಲೆಳೆಯಷ್ಟು ಆಚೆ ಈಚೆ ಬೆಸೆದರೆ ಮಾದರಿ ಕೂಡಲೇ ದೂರು ಹೇಳುತ್ತದೆ. ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಇದು: ಸಡಿಲ ಅಳತೆಯಲ್ಲಿ ಎಷ್ಟೋ ಭಾಗಗಳು ನೋಟಕ್ಕೆ ಇರುತ್ತವೆ, ತೆಗೆದು ಹಾಕಿದರೂ ರೈಲು ಓಡುತ್ತದೆ. ನಿಖರ ಅಳತೆಯಲ್ಲಿ ಅವೇ ಭಾಗಗಳು ತಮ್ಮ ಕೆಲಸಕ್ಕೆ ಮರಳುತ್ತವೆ. ಯಾವುದು ಯಾಕಿತ್ತು ಎಂಬುದನ್ನು ಹೇಳಿಕೊಡುವವರು ಬೇಕಿಲ್ಲ, ಅದಿಲ್ಲದೆ ರೈಲು ನಿಲ್ಲುತ್ತದೆ.

ಒಂದು ಊರಿನ ಮಟ್ಟದಲ್ಲಿ ಇದು ಹೇಗೆ ಕೆಲಸ ಮಾಡುತ್ತದೆಂದು ನೋಡಲು ಫೋರ್ತ್ ಅಳಿವೆಯ ದಡದ ಬರ್ಂಟ್‌ಐಲ್ಯಾಂಡ್ ಬಂದರಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅದನ್ನು 1883ರ ಸ್ಥಿತಿಯಲ್ಲಿ ಪಿ4 ಅಳತೆಯಲ್ಲಿ ಕಟ್ಟಿದ ಮಾದರಿಯೊಂದು ಬ್ರಿಟನ್ನಿನ ಹವ್ಯಾಸಿ ವಲಯದಲ್ಲಿ ಹೆಸರಾಗಿದೆ. ಆ ವರ್ಷದ ಆಯ್ಕೆಯಲ್ಲೇ ಒಂದು ವಾದವಿದೆ. 1879ರ ಡಿಸೆಂಬರ್ 28ರ ರಾತ್ರಿ ಬಿರುಗಾಳಿಗೆ ಟೇ ಸೇತುವೆ ರೈಲಿನ ಸಮೇತ ನದಿಗೆ ಬಿತ್ತು. ಎರಡನೆಯ ಟೇ ಸೇತುವೆ ತೆರೆದದ್ದು 1887ರಲ್ಲಿ, ಫೋರ್ತ್ ಸೇತುವೆ 1890ರಲ್ಲಿ. ನಡುವಿನ ಆ ವರ್ಷಗಳಲ್ಲಿ ನಾರ್ತ್ ಬ್ರಿಟಿಷ್ ಕಂಪನಿಯ ಉತ್ತರದ ಸಾಗಾಟ ನೀರಿನ ಮೇಲೇ ನಿಂತಿತ್ತು. ಅಳಿವೆಯಾಚೆಯ ಗ್ರ್ಯಾಂಟನ್‌ನಿಂದ ಈಚೆಯ ಬರ್ಂಟ್‌ಐಲ್ಯಾಂಡ್‌ಗೆ ಗೂಡ್ಸ್ ವ್ಯಾಗನ್ನುಗಳನ್ನು ಹಡಗಿನ ಡೆಕ್ಕಿನ ಮೇಲಿನ ಹಳಿಗಳಲ್ಲಿ ನಿಲ್ಲಿಸಿ ದಾಟಿಸುತ್ತಿದ್ದರು. 1850ರಲ್ಲಿ ಶುರುವಾದ ಈ ಏರ್ಪಾಡನ್ನು ಜಗತ್ತಿನ ಮೊದಲ ಆಧುನಿಕ ರೈಲು ದೋಣಿ ಎನ್ನುತ್ತಾರೆ. ವ್ಯಾಗನ್ನುಗಳನ್ನು ಹಡಗಿಗೆ ಹತ್ತಿಸಿ ಇಳಿಸುವ ವ್ಯವಸ್ಥೆಯ ವಿನ್ಯಾಸ, ಮುಂದೆ ಕುಸಿದು ಬಿದ್ದ ಸೇತುವೆಯ ವಿನ್ಯಾಸ, ಎರಡೂ ಎಂಜಿನಿಯರ್ ಥಾಮಸ್ ಬೌಚ್‌ನವು. ಪ್ರಯಾಣಿಕರು ಮಾತ್ರ ಬೋಗಿಯಿಂದ ಇಳಿದು ಬೇರೆ ಹಡಗು ಹತ್ತಬೇಕಿತ್ತು. ಇಷ್ಟು ಯಾವ ರೈಲ್ವೆ ಇತಿಹಾಸದಲ್ಲೂ ಸಿಗುತ್ತದೆ. ಈಗ ಇದನ್ನು ಅಳತೆಗೆ ಇಳಿಸಿ ನೋಡಿ. ಅಲ್ಲಿ ಭರತ ಇಳಿತದ ಅಂತರ ಐದು ಮೀಟರಿನ ಹತ್ತಿರ. ಮಾದರಿಯಲ್ಲಿ 65 ಮಿಲಿಮೀಟರ್. ನೀರು ಎಲ್ಲಿದೆ ಎಂದು ಮೊದಲು ನಿರ್ಧರಿಸಬೇಕು. ನೀರಿನ ಮಟ್ಟ ನಿರ್ಧಾರವಾದರೆ ಹಡಗಿನ ಡೆಕ್ಕಿನ ಎತ್ತರ ನಿರ್ಧಾರವಾಯಿತು, ಅದರಿಂದ ಇಳಿಜಾರಿನ ಕಲ್ಲುಹಾಸಿನ ಮೇಲೆ ಹತ್ತಿ ಇಳಿಯುತ್ತಿದ್ದ ಗಾಲಿಯ ವೇದಿಕೆ ಎಲ್ಲಿ ನಿಂತಿತ್ತೆಂಬುದು, ಅದರಿಂದ ವ್ಯಾಗನ್ನುಗಳು ಎಷ್ಟು ಇಳಿಜಾರಿನಲ್ಲಿ ಇಳಿದವೆಂಬುದು, ಅದರಿಂದ ಅಲ್ಲಿಗೆ ಎಂಜಿನ್ ಹೋಗಬಹುದಿತ್ತೇ, ಹಗ್ಗ ಬೇಕಿತ್ತೇ ಎಂಬುದು. ಬಂದರಿನ ದಿನಚರಿ ಗಡಿಯಾರದ ಜೊತೆಗೆ ಚಂದ್ರನನ್ನೂ ನೋಡಿ ನಡೆಯುತ್ತಿತ್ತು ಎಂಬ ತಿಳಿವಳಿಕೆ ಬರುವುದು ಈ ಸರಪಳಿಯಿಂದ. ಖಾಲಿ ವ್ಯಾಗನ್ನುಗಳು ದೋಣಿಗೆ ಕಾಯುತ್ತಾ ಎಲ್ಲಿ ನಿಲ್ಲುತ್ತಿದ್ದವು, ಬಂದ ತುಂಬಿದ ವ್ಯಾಗನ್ನುಗಳಿಗೆ ದಾರಿ ಬಿಡಲು ಎಷ್ಟು ಸಲ ಹಿಂದುಮುಂದು ಆಡಬೇಕಿತ್ತು ಎಂಬುದನ್ನು ನಕ್ಷೆಯ ಗೆರೆ ಹೇಳುವುದಿಲ್ಲ. ಅದೇ ಗೆರೆಯ ಮೇಲೆ ಅಳತೆಗೆ ಸರಿಯಾದ ವ್ಯಾಗನ್ನುಗಳನ್ನು ಸರಿಸಿದಾಗ ಸೈಡಿಂಗ್ ಎಲ್ಲಿ ಸಾಲುತ್ತದೆ, ಎಲ್ಲಿ ಸಾಲುವುದಿಲ್ಲ ಎಂಬುದು ಎದುರಿಗೇ ಇರುತ್ತದೆ.

ಒಂಟಿ ದಾರಿಯ ಸ್ಟೇಷನ್ನುಗಳಲ್ಲೂ ಹೀಗೇ. ಮುಂದಿನ ಸ್ಟೇಷನ್ನಿನವರೆಗಿನ ಹಕ್ಕಿನ ಗುರುತಾಗಿ ಡ್ರೈವರನಿಗೆ ಕೊಡುವ ಟೋಕನ್ ನಮ್ಮ ರೈಲ್ವೆಯವರಿಗೂ ಚೆನ್ನಾಗಿ ಗೊತ್ತು. ಅದನ್ನು ಓಡುವ ರೈಲಿನಿಂದ ಕೈಯಲ್ಲಿ ಬದಲಾಯಿಸಲು ಹೋಗಿ ಪೆಟ್ಟು ಮಾಡಿಕೊಳ್ಳುತ್ತಿದ್ದ ಕೆಲಸಗಾರರನ್ನು ನೋಡಿ, ಗ್ರೇಟ್ ನಾರ್ತ್ ಕಂಪನಿಯ ಜೇಮ್ಸ್ ಮ್ಯಾನ್ಸನ್ 1880ರ ದಶಕದಲ್ಲಿ ತಾನಾಗಿ ಟೋಕನ್ ಬದಲಿಸುವ ಯಂತ್ರ ರೂಪಿಸಿದ. ಕೆಲಸಗಾರರ ಜೀವ ಉಳಿಸುವ ವಸ್ತುವಿನಿಂದ ಹಣ ಮಾಡುವುದಿಲ್ಲವೆಂದು ಪೇಟೆಂಟ್ ಕೂಡ ಪಡೆಯಲಿಲ್ಲ. ಹಳಿಯ ಪಕ್ಕದಲ್ಲಿ ಆ ಯಂತ್ರದ ಕಂಬಕ್ಕೆ ಜಾಗ ಹುಡುಕುವವರು ಅದರ ಕೈ ಎಂಜಿನ್ನಿಗೆ ಎಷ್ಟು ಹತ್ತಿರ ಬರಬೇಕೆಂಬುದನ್ನು ಲೆಕ್ಕ ಹಾಕಲೇಬೇಕು. ಹಳಿಯೇ ಏಳಂಗುಲ ಕಿರಿದಾಗಿದ್ದರೆ ಆ ಲೆಕ್ಕಕ್ಕೆ ಅರ್ಥವಿಲ್ಲ.

ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ದೂರದ್ದು. ಅಡಿಗೆ ನಾಲ್ಕು ಮಿಲಿಮೀಟರ್ ಲೆಕ್ಕದಲ್ಲಿ ಒಂದು ಮೈಲಿ 21 ಮೀಟರ್. ಕ್ರೇಗೆಂಡೋರನ್‌ನಿಂದ ಫೋರ್ಟ್ ವಿಲಿಯಮ್‌ವರೆಗಿನ ನೂರು ಮೈಲಿಯ ವೆಸ್ಟ್ ಹೈಲ್ಯಾಂಡ್ ದಾರಿಗೆ ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ ಕೋಣೆ ಬೇಕು. ಅದರ ಮುಂದುವರಿಕೆಯಾಗಿ 1901ರಲ್ಲಿ ಮಾಲೇಗ್‌ಗೆ ತೆರೆದ ದಾರಿಯಲ್ಲಿ ಗ್ಲೆನ್‌ಫಿನ್ನನ್ ಸೇತುವೆ ಇದೆ. ಇಪ್ಪತ್ತೊಂದು ಕಮಾನು, ಉಕ್ಕಿನ ಸರಳಿಲ್ಲದ ಬರೀ ಕಾಂಕ್ರೀಟು. ಅದೊಂದೇ ಮಾದರಿಯಲ್ಲಿ ಐದು ಮೀಟರ್ ಉದ್ದವಾಗುತ್ತದೆ. ಅದರ ತಿರುವಿನ ತ್ರಿಜ್ಯ ಸುಮಾರು 241 ಮೀಟರ್, ಮಾದರಿಯಲ್ಲಿ ಮೂರು ಮೀಟರಿಗೂ ಮಿಗಿಲು. ಆಟಿಕೆ ಪೆಟ್ಟಿಗೆಯಲ್ಲಿ ಬರುವ ತಿರುವಿನ ತ್ರಿಜ್ಯ 438 ಮಿಲಿಮೀಟರ್, ನಿಜದಲ್ಲಿ ಬರೀ 33 ಮೀಟರಿನ ತಿರುವಾದೀತು, ಯಾವ ಮೇನ್ ಲೈನಿನ ಎಂಜಿನ್ನೂ ಅದನ್ನು ತಿರುಗಲಾರದು. ಹಳಿಯ ಸಂದಿನಲ್ಲಿ ಅರ್ಧ ಮಿಲಿಮೀಟರಿಗೆ ಜಗಳ ಆಡುವವರು ಭೂದೃಶ್ಯದಲ್ಲಿ ಮೈಲಿಗಟ್ಟಲೆ ನುಂಗುತ್ತಾರೆ, ಇದೆಂಥ ನಿಖರತೆ ಎಂಬ ಮಾತಿಗೆ ಉತ್ತರ ಕೊಡಬೇಕಾದದ್ದೇ. ನನ್ನ ಉತ್ತರ: ಕತ್ತರಿಸುವುದು ಬೇರೆ, ಹಿಂಡುವುದು ಬೇರೆ. ಮೂರು ಸ್ಟೇಷನ್ನುಗಳನ್ನು ಒಂದೇ ಕೋಣೆಗೆ ತುರುಕಿ ನಡುವಿನ ಮೈಲಿಗಳನ್ನು ಅಳಿಸಿದ ಮಾದರಿ ದೂರದ ಬಗ್ಗೆ ಸುಳ್ಳು ಹೇಳುತ್ತದೆ. ಒಂದೇ ಸಣ್ಣ ಸ್ಟೇಷನ್ನನ್ನು ಅದರ ಪೂರ್ಣ ಉದ್ದದಲ್ಲಿ ಕಟ್ಟಿ, ಎರಡೂ ಕೊನೆಯಲ್ಲಿ ದಾರಿಯನ್ನು ಪರದೆಯ ಹಿಂದಕ್ಕೆ ಬಿಡುವ ಮಾದರಿ ಹೇಳುವುದು ಕಡಿಮೆ, ಹೇಳಿದ್ದು ನಿಜ. ಮುನ್ನೂರು ಮೀಟರಿನ ಸ್ಟೇಷನ್ ನಾಲ್ಕು ಮೀಟರಿಗೆ ಬರುತ್ತದೆ. ಇಕ್ಕಟ್ಟಿನ ಮನೆಗೆ ಅದೂ ದೊಡ್ಡದಾದರೆ ಅಡಿಗೆ ಎರಡು ಮಿಲಿಮೀಟರ್ ಲೆಕ್ಕದ, 9.42 ಮಿಲಿಮೀಟರ್ ಗೇಜಿನ ಅಳತೆ ಇದೆ. ಅದನ್ನು ಬಳಸುವವರ ಸಂಘ 1960ರಿಂದ ನಡೆಯುತ್ತಿದೆ. ಹಿಂಡಿದ ಮಾದರಿಗಳು ನೋಡಲು ಸೊಗಸು, ನಾನು ಅವನ್ನು ಹೀಗಳೆಯುವುದಿಲ್ಲ. ಸಾಕ್ಷ್ಯವಾಗಿ ಮಾತ್ರ ಅವನ್ನು ಒಪ್ಪಲಾರೆ.

ಕಂಪ್ಯೂಟರಿನಲ್ಲಿ ನೂರು ಮೈಲಿಯನ್ನೂ ಕಟ್ಟಬಹುದಲ್ಲ ಎನ್ನುವವರ ಮಾತು ದೂರದ ಮಟ್ಟಿಗೆ ಪೂರ್ತಿ ಸರಿ. ಏರುದಾರಿಯಲ್ಲಿ ಎಂಜಿನ್ ಏದುಸಿರು ಬಿಡುವುದನ್ನೂ ಅದೇ ಚೆನ್ನಾಗಿ ತೋರಿಸುತ್ತದೆ. ಯಾಕೆಂದರೆ ಉದ್ದ 76ರಲ್ಲೊಂದು ಪಾಲಾದಾಗ ತೂಕ ನಾಲ್ಕು ಲಕ್ಷದ ನಲವತ್ತೆರಡು ಸಾವಿರದಲ್ಲೊಂದು ಪಾಲಾಗುತ್ತದೆ: 56 ಟನ್ನಿನ ಜೋನ್ಸ್ ಎಂಜಿನ್ ಮಾದರಿಯಲ್ಲಿ ಸುಮಾರು 130 ಗ್ರಾಂ ತೂಗಬೇಕು. ಅಷ್ಟು ಹಗುರಾದರೆ ಅದು ತನ್ನ ರೈಲನ್ನು ಎಳೆಯುವುದು ಕಷ್ಟ, ಒಳಗೆ ಸೀಸ ತುಂಬುತ್ತಾರೆ. ಬಲ, ವೇಗ, ನೀರು, ಹೊಗೆ ಇವು ಅಳತೆಗೆ ತಕ್ಕಂತೆ ಕುಗ್ಗುವುದಿಲ್ಲ, ಆ ವಿಷಯಗಳಲ್ಲಿ ಮಾದರಿಯ ಸಾಕ್ಷಿಯನ್ನು ಕೇಳಬಾರದು. ಅದರ ಅಧಿಕಾರ ಇರುವುದು ಜಾಗ ಮತ್ತು ಕ್ರಮದ ಮೇಲೆ: ಎಷ್ಟು ಹಿಡಿಸುತ್ತದೆ, ಯಾವುದರ ನಂತರ ಯಾವುದು ಸರಿಯಬಹುದು. ಅಲ್ಲಿ ಪರದೆಗಿಂತ ಲೋಹ ನಂಬಿಕಸ್ಥ. ಪರದೆಯ ಮೇಲೆ ಚಕ್ರ ಹಳಿ ತಪ್ಪಬೇಕಾದರೆ ಪ್ರೋಗ್ರಾಂ ಬರೆದವನು ಅದನ್ನು ಮೊದಲೇ ಊಹಿಸಿರಬೇಕು. ಹಿತ್ತಾಳೆಯ ಚಕ್ರಕ್ಕೆ ಯಾರ ಅಪ್ಪಣೆಯೂ ಬೇಡ.

ಇನ್ನೊಂದು ಆಕ್ಷೇಪ ನೈತಿಕವಾದದ್ದು, ಅದನ್ನು ನಾನು ಹಗುರಾಗಿ ತೆಗೆದುಕೊಳ್ಳಲಾರೆ. ಮಾದರಿಗಳ ಸ್ಕಾಟ್ಲೆಂಡಿನಲ್ಲಿ ಯಾವಾಗಲೂ ಬಿಸಿಲು. ಕಲ್ಲಿನ ಸ್ಟೇಷನ್, ಹೀದರ್ ಹೂವಿನ ಗುಡ್ಡ, ಹೊಳೆಯುವ ಎಂಜಿನ್. ಹೈಲ್ಯಾಂಡಿನ ಹಳ್ಳಿಗಳಿಂದ ಒಕ್ಕಲುಗಳನ್ನು ಎಬ್ಬಿಸಿ ಕುರಿ ಬಿಟ್ಟ ಕಥೆ ಅಲ್ಲಿಲ್ಲ. ಉತ್ತರ ತುದಿಯ ದಾರಿಯ ಒಂದು ಭಾಗವನ್ನು 1870–71ರಲ್ಲಿ ಸದರ್‌ಲ್ಯಾಂಡಿನ ಡ್ಯೂಕ್ ಸ್ವಂತ ಹಣದಿಂದ ಕಟ್ಟಿಸಿದ, ಡನ್‌ರಾಬಿನ್ ಕೋಟೆಗೆಂದೇ ಖಾಸಗಿ ಸ್ಟೇಷನ್ ಇಟ್ಟುಕೊಂಡ. ಅದೇ ಮನೆತನದ ಹೆಸರಿನಲ್ಲಿ ಅದಕ್ಕೆ ಎರಡು ತಲೆಮಾರು ಮುಂಚೆ ಸಾವಿರಾರು ಜನರನ್ನು ನೆಲದಿಂದ ಎಬ್ಬಿಸಲಾಗಿತ್ತು. ಚೆಂದದ ಮರದ ಸ್ಟೇಷನ್ನಿನ ಮಾದರಿ ಇದನ್ನು ಮುಚ್ಚುತ್ತದೆಯೇ ಎಂದರೆ, ಬರೀ ಕಟ್ಟಡ ಮತ್ತು ಎಂಜಿನ್ ಮಾಡಿ ಬಿಟ್ಟರೆ ಮುಚ್ಚುತ್ತದೆ. ಸಾಗಾಟವನ್ನು ಮಾಡಿದರೆ ಮುಚ್ಚಲಾಗುವುದಿಲ್ಲ. ಯಾವ ವ್ಯಾಗನ್ನುಗಳು, ಯಾವ ತಿಂಗಳು, ತುಂಬಿ ಬಂದವೋ ಖಾಲಿ ಬಂದವೋ ಎಂದು ಕೇಳಿದ ಕೂಡಲೇ ನಾಡಿನ ಅರ್ಥಶಾಸ್ತ್ರ ಹಳಿಯ ಮೇಲೆ ಬಂದು ನಿಲ್ಲುತ್ತದೆ. ಶರತ್ಕಾಲದಲ್ಲಿ ಕುರಿ ವ್ಯಾಗನ್ನುಗಳ ಸಾಲು, ಬೇಟೆಗೆ ಬರುವ ಸಿರಿವಂತರ ಖಾಸಗಿ ಬೋಗಿಗಳು, ಸ್ಪೇ ನದಿಯ ಕಣಿವೆಯ ಭಟ್ಟಿಗಳಿಗೆ ಹೋಗುವ ಬಾರ್ಲಿ ಮತ್ತು ಕಲ್ಲಿದ್ದಲು, ಅಲ್ಲಿಂದ ಬರುವ ವಿಸ್ಕಿ ಪೀಪಾಯಿ, ಮಾಲೇಗ್‌ನಿಂದ ದಕ್ಷಿಣಕ್ಕೆ ಧಾವಿಸುವ ಹೆರಿಂಗ್ ಮೀನು. ಆ ಮಾಲೇಗ್ ದಾರಿಯಂತೂ ಬಡ ಒಕ್ಕಲುಗಳ ಸ್ಥಿತಿಗತಿ ವಿಚಾರಿಸಿದ 1883–84ರ ನೇಪಿಯರ್ ಆಯೋಗ ಪಶ್ಚಿಮ ತೀರದ ಮೀನುಗಾರರಿಗೆ ರೈಲು ಬೇಕೆಂದು ಹೇಳಿದ ಮೇಲೆ, ಸರ್ಕಾರದ ನೆರವಿನಿಂದ ಬಂದದ್ದು. ಹತ್ತು ಚಂದದ ಪ್ಯಾಸೆಂಜರ್ ಎಂಜಿನ್ನಿಗಿಂತ ನಾಲ್ಕು ಕೊಳಕು ಮೀನು ವ್ಯಾಗನ್ನುಗಳನ್ನು ಸರಿಯಾಗಿ ಮಾಡಿದವರ ಮೇಲೆ ನನಗೆ ಹೆಚ್ಚು ಗೌರವ.

ಉಳಿದ ಒಂದು ಆಕ್ಷೇಪಕ್ಕೆ ಮಾದರಿಕಾರರು ಇನ್ನೂ ಪೂರ್ತಿ ಉತ್ತರ ಕೊಟ್ಟಿಲ್ಲ. ಊಹೆ ಮತ್ತು ತಿಳಿದದ್ದು ಮಾದರಿಯಲ್ಲಿ ಒಂದೇ ತರ ಕಾಣುತ್ತವೆ. ಫೋಟೊದಲ್ಲಿ ಕಂಡ ಮುಂಗೋಡೆಗೂ ಊಹಿಸಿದ ಹಿಂಗೋಡೆಗೂ ಅದೇ ಬಣ್ಣ, ಅದೇ ನಯ. ಪುಸ್ತಕದಲ್ಲಾದರೆ ‘ಇರಬಹುದು’ ಎಂದು ಬರೆಯಬಹುದು, ಸುಣ್ಣ ಬಳಿದ ಗೋಡೆಗೆ ‘ಇರಬಹುದು’ ಎನ್ನಲು ಬರುವುದಿಲ್ಲ. ಕೆಲಸ ನಯವಾದಷ್ಟೂ ಊಹೆಯೇ ಇತಿಹಾಸವೆಂದು ನೋಡಿದವರ ತಲೆಯಲ್ಲಿ ಕೂರುತ್ತದೆ, ಮುಂದಿನವರು ಅದನ್ನೇ ನೋಡಿ ಇನ್ನೊಂದು ಮಾದರಿ ಮಾಡುತ್ತಾರೆ. ಇದಕ್ಕೆ ಪರಿಹಾರ ಮಾದರಿಯ ಹೊರಗಿದೆ: ಯಾವುದಕ್ಕೆ ಯಾವ ಚಿತ್ರ ಆಧಾರ, ಎಲ್ಲಿ ಪಕ್ಕದ ಸ್ಟೇಷನ್ನಿನಿಂದ ಎರವಲು ತಂದದ್ದು, ಎಲ್ಲಿ ಬರೀ ಊಹೆ ಎಂದು ಬರೆದಿಡುವುದು. ಹೈಲ್ಯಾಂಡ್, ನಾರ್ತ್ ಬ್ರಿಟಿಷ್, ಕ್ಯಾಲೆಡೋನಿಯನ್, ಹೀಗೆ ಒಂದೊಂದು ಹಳೆಯ ಕಂಪನಿಗೂ ಈಗ ಅಧ್ಯಯನ ಸಂಘಗಳಿವೆ. ಅವುಗಳ ಪತ್ರಿಕೆಗಳಲ್ಲಿ ವ್ಯಾಗನ್ನಿನ ಬ್ರೇಕಿನ ಸನ್ನೆಕೋಲಿನ ಬಗ್ಗೆಯೂ ಲೇಖನ ಬರುತ್ತದೆ. ಅಂಥ ಟಿಪ್ಪಣಿ ಜೊತೆಗಿರುವ ಮಾದರಿಯನ್ನು ಸಂಶೋಧನೆ ಎನ್ನಲು ನನಗೆ ಸಂಕೋಚವಿಲ್ಲ. ಟಿಪ್ಪಣಿ ಇಲ್ಲದಿದ್ದರೆ ಅದು ಒಳ್ಳೆಯ ಕೈಕೆಲಸ, ಅಷ್ಟೇ. ಕಟ್ಟಿದವರು ತೀರಿಕೊಂಡ ಮೇಲೆ ಮಾದರಿಯನ್ನು ಇಡಲು ಯಾರ ಮನೆಯಲ್ಲೂ ಜಾಗವಿರುವುದಿಲ್ಲ, ಬಿಡಿಬಿಡಿಯಾಗಿ ಹಂಚಿಹೋಗುತ್ತದೆ. ಉಳಿದರೆ ಆ ಟಿಪ್ಪಣಿಯೇ ಉಳಿಯಬೇಕು.

ಈ ವಿದ್ಯೆ ನಮಗೆ ತೀರಾ ದೂರದ್ದಲ್ಲ. ಶಾರ್ಪ್ ಸ್ಟೂವರ್ಟ್ ಸೇರಿದಂತೆ ಮೂರು ಕಾರ್ಖಾನೆಗಳು ಕೂಡಿ 1903ರಲ್ಲಿ ಆದ ಗ್ಲಾಸ್ಗೋದ ನಾರ್ತ್ ಬ್ರಿಟಿಷ್ ಲೊಕೊಮೊಟಿವ್ ಕಂಪನಿ ಭಾರತಕ್ಕೆ ಎಂಜಿನ್ ಕಳಿಸುವುದನ್ನೇ ದೊಡ್ಡ ವ್ಯಾಪಾರ ಮಾಡಿಕೊಂಡಿತ್ತು. 1950ರ ದಶಕದಲ್ಲಿ ಬಂದ ಮೀಟರ್‌ಗೇಜಿನ ವೈಪಿ ಎಂಜಿನ್ನುಗಳಲ್ಲಿ ಒಂದು ಪಾಲು ಅಲ್ಲಿನವು. ಆ ವರ್ಗದ ಎಂಜಿನ್ನುಗಳು ಕರ್ನಾಟಕದ ಮೀಟರ್‌ಗೇಜಿನಲ್ಲೂ ದುಡಿದವು. ಕಂಪನಿ 1962ರಲ್ಲಿ ಮುಳುಗಿತು, ಅದರ ಚಿತ್ರ ಮತ್ತು ಕಡತಗಳ ದೊಡ್ಡ ಭಾಗ ಗ್ಲಾಸ್ಗೋದ ವಿಶ್ವವಿದ್ಯಾಲಯ ಮತ್ತು ಮಿಚೆಲ್ ಗ್ರಂಥಾಲಯದಲ್ಲಿ ಉಳಿದಿದೆ. ಇಲ್ಲಿ ಕರ್ನಾಟಕದಲ್ಲಿ ಆ ಹಳಿಯೇ ಉಳಿದಿಲ್ಲ. 1979ರಲ್ಲಿ ಪೂರ್ಣಗೊಂಡ ಹಾಸನ–ಮಂಗಳೂರು ಮೀಟರ್‌ಗೇಜ್ 1996ರ ನಂತರ ಬ್ರಾಡ್‌ಗೇಜಿಗೆ ಬದಲಾಯಿತು, ಸಕಲೇಶಪುರ ಘಾಟಿಯ ಆ ಹಳೆಯ ದಾರಿ ಹದಿನೇಳು ವರ್ಷಕ್ಕಿಂತ ಹೆಚ್ಚು ಬಾಳಲಿಲ್ಲ. ಅಡಿಗೆ ನಾಲ್ಕು ಮಿಲಿಮೀಟರ್ ಲೆಕ್ಕದಲ್ಲಿ ಮೀಟರ್‌ಗೇಜ್ ಎಂದರೆ 13.12 ಮಿಲಿಮೀಟರ್. ಅದನ್ನು ಕಟ್ಟಲು ಕೂರುವವರಿಗೆ 1883ರ ಬರ್ಂಟ್‌ಐಲ್ಯಾಂಡ್ ಕಟ್ಟಿದವರಿಗೆ ಇಲ್ಲದ ಒಂದು ಅನುಕೂಲವಿದೆ: ಆ ಸ್ಟೇಷನ್ನುಗಳಲ್ಲಿ ಲಿವರ್ ಎಳೆದವರು, ಟೋಕನ್ ಕೊಟ್ಟವರು, ಸ್ಲೀಪರಿನ ಅಡಿಗೆ ಜಲ್ಲಿ ಗಿಡಿದವರು ನಮ್ಮ ನಡುವೆ ಇದ್ದಾರೆ. ರೈಲುಗಳು ಒಂದನ್ನೊಂದು ದಾಟುವ ಲೂಪಿನಲ್ಲಿ ಎಷ್ಟು ವ್ಯಾಗನ್ ಹಿಡಿಸುತ್ತಿದ್ದವು ಎಂದು ಅವರನ್ನು ಈಗಲೇ ಕೇಳಬಹುದು.